ಹೆಸರುಳ್ಳ ಬಿಂದಿಗೆ

ಹಳೆಯ ಸಾಮಾನುಗಳನ್ನು ಅರಸುವವರಲ್ಲಿ ಎರಡು ಪಂಗಡಗಳುಂಟು. ತಾವು ಎಂದೂ ಕಾಣದ ಕಾಲದ ಸೊಗಸನ್ನು ಕೊಂಡುತಂದು ಮನೆಯ ನಡುಕೋಣೆಯಲ್ಲಿ ಮೆರೆಸಬೇಕೆನ್ನುವವರು ಮೊದಲನೆಯವರು. ತಮ್ಮ ಕೈಯಿಂದಲೇ ಜಾರಿಹೋದುದನ್ನು ಮತ್ತೆಲ್ಲಿಯಾದರೂ ಕಂಡೇವೇ ಎಂದು ಅಲೆಯುವವರು ಎರಡನೆಯವರು. ಇವರನ್ನು ಗುರುತಿಸುವುದು ಕಷ್ಟವಲ್ಲ. ಮೊದಲನೆಯವರು ಬೆಲೆಯನ್ನು ಕೇಳುತ್ತಾರೆ. ಎರಡನೆಯವರು ಬೆಲೆಯ ಮಾತೆತ್ತದೆ ವಸ್ತುವಿನ ಮೈಮೇಲೆ ಏನನ್ನೋ ಹುಡುಕುತ್ತಾರೆ.

ಮೈಸೂರಿನ ಕಡೆಯ ಒಂದು ಊರಿನಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಗಣಿತವನ್ನು ಬೋಧಿಸಿ ನಿವೃತ್ತರಾದ ಮೇಷ್ಟರೊಬ್ಬರು ಈ ಎರಡನೆಯ ಪಂಗಡದವರು. ಅವರ ಮನೆಯವರಿಗೆ ಮಾತ್ರ ಆ ಸಂಗತಿಯು ತಿಳಿದಿರಲಿಲ್ಲ. ಯಾವ ಊರಿಗೆ ಹೋದರೂ ದೇವಸ್ಥಾನವನ್ನು ನೋಡಿದ ಮೇಲೆ ಪಾತ್ರೆಯ ಅಂಗಡಿಯ ಬೀದಿಯನ್ನು ವಿಚಾರಿಸುವುದು ಅವರ ವಾಡಿಕೆ. ಬರಿಗೈಯಲ್ಲಿ ಹಿಂದಿರುಗುವುದೂ ವಾಡಿಕೆಯೇ. ‘ಕೊಳ್ಳುವುದಿಲ್ಲವಾದರೆ ನೋಡುವುದೇತಕ್ಕೆ?’ ಎಂದು ಅವರ ಪತ್ನಿಯು ಕೇಳಿ ಕೇಳಿ ಬೇಸತ್ತು, ಇದೊಂದು ನಿರಪಾಯವಾದ ಹುಚ್ಚೆಂದು ಸುಮ್ಮನಾಗಿದ್ದರು.

ದಂಪತಿಗಳು ಮುಂಬಯಿಯ ಮಾಟುಂಗದಲ್ಲಿದ್ದ ಮಗಳ ಮನೆಗೆ ಹೋದಾಗ ಮೇಷ್ಟರ ಮನಸ್ಸು ಮೊದಲು ಹರಿದುದು ಚೋರ್ ಬಜಾರಿನ ಕಡೆಗೆ. ಭೇಂಡಿ ಬಜಾರಿನ ನೆರೆಯ ಮಟನ್ ಸ್ಟ್ರೀಟೆಂಬ ಬೀದಿಯೂ ಅದರ ಸುತ್ತಣ ಓಣಿಗಳೂ ಈ ಹೆಸರಿನಿಂದ ಪ್ರಸಿದ್ಧವಾಗಿವೆ. ಶುಕ್ರವಾರ ಅಂಗಡಿಗಳಿಗೆ ರಜಾ. ಅಂದು ಬೆಳಕು ಹರಿಯುವುದಕ್ಕೆ ಮುಂಚೆಯೇ ಬೀದಿಯಲ್ಲಿ ಗುಜರಿಯ ಸಂತೆ ನೆರೆಯುತ್ತದೆ. ‘ಶೋರ್’ ಎಂದರೆ ಗದ್ದಲ. ಶೋರ್ ಬಜಾರವೇ ಪರಕೀಯರ ಬಾಯಲ್ಲಿ ಚೋರ್ ಬಜಾರವಾಯಿತೆಂದು ಅಲ್ಲಿಯವರು ಹೇಳುತ್ತಾರೆ. ವಿಕ್ಟೋರಿಯಾ ರಾಣಿಯು ಬಂದಾಗ ಹಡಗಿನಿಂದ ಕಳುವಾದ ಆಕೆಯ ಪಿಟೀಲು ಇಲ್ಲಿ ಸಿಕ್ಕಿತೆಂದು ಇನ್ನೊಂದು ಕಥೆ. ಕಥೆಯೇನೋ ಸೊಗಸಾಗಿದೆ, ಆದರೆ ಆ ರಾಣಿಯು ಒಮ್ಮೆಯೂ ಹಿಂದೂಸ್ಥಾನಕ್ಕೆ ಬಂದವಳಲ್ಲ. ಬಾರದ ರಾಣಿಯ ಪಿಟೀಲನ್ನು ಕಳುವು ಮಾಡಿಸಿದ ಬೀದಿಯಲ್ಲಿ ಮಾತಿಗೆ ಬೆಲೆ ಕಟ್ಟುವಾಗ ಎಚ್ಚರವಿರಬೇಕೆಂದು ಮೇಷ್ಟರು ರೈಲಿನಲ್ಲಿಯೇ ಪತ್ನಿಗೆ ಹೇಳಿದರು.

ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣದಲ್ಲಿಳಿದು, ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು, ಇಬ್ಬರೂ ಆ ಬೀದಿಯನ್ನು ಸೇರಿದರು. ಅವರು ಹೊಕ್ಕ ಅಂಗಡಿಯು ಮುಂದೆ ಇಕ್ಕಟ್ಟಾಗಿದ್ದರೂ ಒಳಗೆ ಗುಹೆಯಂತೆ ಉದ್ದವಾಗಿ ಹೋಗಿತ್ತು. ಅಟ್ಟಕ್ಕೆ ಏರಲು ಒಂದು ಮರದ ಏಣಿ. ಸೂರಿನಿಂದ ದೀಪದ ಗುಚ್ಛಗಳು ತೂಗುತ್ತಿದ್ದುವು. ಕೆಳಗೆ ಹಡಗಿನ ಗಡಿಯಾರಗಳು, ಸಿನಿಮಾದ ಭಿತ್ತಿಪತ್ರಗಳು, ಕುಂಟು ಕುರ್ಚಿಗಳು, ಯಾರದೋ ಮದುವೆಯ ಭಾವಚಿತ್ರಗಳು. ಗೋಡೆಯ ಮೇಲೆ ಹತ್ತಾರು ಗಡಿಯಾರಗಳಿದ್ದರೂ ಅವುಗಳಲ್ಲಿ ಎರಡು ಕೂಡ ಒಂದೇ ಹೊತ್ತನ್ನು ಹೇಳುತ್ತಿರಲಿಲ್ಲ.

ವ್ಯಾಪಾರಿಯು ವಯೋವೃದ್ಧನು, ಮಿತಭಾಷಿ. ಮೊದಲು ಒಂದು ಗ್ರಾಮೊಫೋನನ್ನು ತೋರಿಸಿದನು. ಹೂವಿನಂತೆ ಅರಳಿದ ಹಿತ್ತಾಳೆಯ ಕೊಳವೆ, ಸಾಗುವಾನಿಯ ಪೆಟ್ಟಿಗೆ, ನೂರಿಪ್ಪತ್ತು ವರ್ಷದ್ದೆಂಬ ಭರವಸೆ. ಮೇಷ್ಟರು ಕನ್ನಡಕವನ್ನು ಸರಿಪಡಿಸಿಕೊಂಡು ಪೆಟ್ಟಿಗೆಯ ಹಿಂಬದಿಯ ತಿರುಪುಮೊಳೆಗಳನ್ನು ನೋಡಿದರು. ಅವುಗಳ ತಲೆಯಲ್ಲಿ ಕೂಡಿಸುವ ಚಿಹ್ನೆಯಂಥ ಗೀಟು. ಆ ಬಗೆಯ ಮೊಳೆಗೆ ಅಮೆರಿಕದ ಫಿಲಿಪ್ಸ್ ಎಂಬಾತನು ಪೇಟೆಂಟನ್ನು ಪಡೆದುದು 1936ರಲ್ಲಿ. ಹೊಸ ಪೆಟ್ಟಿಗೆಗೆ ಹೊಸ ಕೊಳವೆಯನ್ನು ಜೋಡಿಸಿ ಹಳತೆಂದು ಮಾರುವ ಪದ್ಧತಿಯು ಎಲ್ಲ ಪೇಟೆಗಳಲ್ಲಿಯೂ ಉಂಟು. ಮೇಷ್ಟರು ಆ ತಿರುಪಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಂತರು. ವ್ಯಾಪಾರಿಯು ನಕ್ಕು, ‘ಮಾಸ್ಟರ್‌ಜಿ, ನಿಮಗೆ ಇದು ಬೇಡ’ ಎಂದು ಗ್ರಾಮೊಫೋನಿಗೆ ಬಟ್ಟೆಯನ್ನು ಹೊದಿಸಿದನು. ಅಲ್ಲಿಂದ ಮುಂದೆ ಇಬ್ಬರಲ್ಲಿಯೂ ಒಂದು ಬಗೆಯ ಸಖ್ಯವುಂಟಾಯಿತು.

ಅರಗಿನಿಂದ ಮಾಡಿದ ಹಳೆಯ ಗಾನಮುದ್ರಿಕೆಗಳೂ ಅಲ್ಲಿದ್ದುವು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಇವು ಬಿದ್ದರೆ ಹಂಚಿನಂತೆ ಒಡೆಯುತ್ತವೆ. ಆದರೂ ನಮ್ಮ ದೇಶದಲ್ಲಿ 1960ರ ದಶಕದಲ್ಲಿಯೂ ತಯಾರಾಗುತ್ತಿದ್ದುವು. ಒಂದು ಮೂಲೆಯಲ್ಲಿ ಹಳೆಯ ತೂಕದ ಬಟ್ಟುಗಳ ರಾಶಿ. ಮೆಟ್ರಿಕ್ ತೂಕಗಳು 1958ರಿಂದ ಮೊದಲ್ಗೊಂಡು ಹಂತ ಹಂತವಾಗಿ ಬಂದ ಮೇಲೆ ಕೆಲಸವನ್ನು ಕಳೆದುಕೊಂಡವು ಇವು. ಎಂಬತ್ತು ತೊಲಕ್ಕೆ ಒಂದು ಸೇರು; ಅದು ಇಂದಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಕೋಷ್ಟಕವು ಕೈಗೆ ಸಿಕ್ಕಿದಂತಾಗಿ ಮೇಷ್ಟರು ಒಂದು ಬಟ್ಟನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

ಅಂಗಡಿಯ ಕೊನೆಯಲ್ಲಿ ಪಾತ್ರೆಗಳಿದ್ದುವು. ಕಂಚನ್ನೂ ಹಿತ್ತಾಳೆಯನ್ನೂ ಬಣ್ಣದಿಂದ ಬೇರ್ಪಡಿಸಲಾಗದಿದ್ದರೆ ಕಿವಿಯಿಂದ ಬೇರ್ಪಡಿಸಬೇಕು. ತಾಮ್ರಕ್ಕೆ ತವರ ಸೇರಿದರೆ ಕಂಚು. ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನುಡಿದು ಸ್ವರವು ನಿಲ್ಲುತ್ತದೆ. ತಾಮ್ರಕ್ಕೆ ಸತುವು ಸೇರಿದರೆ ಹಿತ್ತಾಳೆ. ಅದರ ನುಡಿ ಬೇಗ ಅಡಗುತ್ತದೆ. ಮೇಷ್ಟರು ತಟ್ಟುತ್ತ, ತಿರುಗಿಸುತ್ತ, ಪ್ರತಿಯೊಂದು ಬಿಂದಿಗೆಯ ಕಂಠವನ್ನೂ ಬೆರಳಿನಿಂದ ಸವರುತ್ತ ಬಂದರು. ಒಂದರ ಬಳಿಯಲ್ಲಿ ಬೆರಳು ನಿಂತಿತು. ಕಿಲುಬಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು, ಕನ್ನಡದ ಅಕ್ಷರಗಳು.

ಅವರು ಅದನ್ನು ಬೆಳಕಿಗೆ ಹಿಡಿದು ಓದಿದರು. ಒಬ್ಬ ಹೆಣ್ಣುಮಗಳ ಹೆಸರು. ಮದುವೆಯ ಉಡುಗೊರೆಯೆಂಬ ಮಾತು. ಯುವ ಸಂವತ್ಸರದ ವೈಶಾಖ. ಆ ಹೆಸರನ್ನು ಇಲ್ಲಿ ಹೇಳುವುದು ಉಚಿತವಲ್ಲ. ಅದು ಅವರು ಹುಡುಕುತ್ತಿದ್ದ ಹೆಸರಲ್ಲವೆಂದರೆ ಸಾಕು.

ವ್ಯಾಪಾರಿಯು ಅದರ ಕಾಲವನ್ನು ಕೇಳಿದನು. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳುವುವಾದ್ದರಿಂದ ಅದು 1875 ಆಗಬಹುದು, 1935 ಆಗಬಹುದು, 1995 ಕೂಡ ಆಗಬಹುದು. ಕಂಠದ ಸವೆತವನ್ನು ನೋಡಿದರೆ ಕೊನೆಯದು ಸಲ್ಲದು. ಕೊಟ್ಟವರ ಹೆಸರಿನ ಮುಂದೆ ಇಂಗ್ಲಿಷ್ ರೀತಿಯ ಒಂದು ಇನಿಷಿಯಲ್ ಇದ್ದುದರಿಂದ ಮೊದಲನೆಯದಕ್ಕಿಂತ ನಡುವಣದೇ ಸಂಭವನೀಯವೆಂದು ಮೇಷ್ಟರು ಗಣಿಸಿ ಹೇಳಿದರು. ವ್ಯಾಪಾರಿಗೆ ಕೊಂಚ ನಿರಾಶೆಯಾಯಿತು. 1972ರ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾವಸ್ತುಗಳು ಪುರಾವಸ್ತುಗಳೆನಿಸುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದುದರಿಂದ ಒಂದೇ ವಸ್ತುವು ಸ್ವದೇಶದ ಗಿರಾಕಿಗೆ ಮುದಿಯಾಗಿಯೂ ಪರದೇಶದವನಿಗೆ ಎಳೆಯದಾಗಿಯೂ ತೋರುವುದುಂಟೆಂದು ಹಾಸ್ಯ ಮಾಡುವವರಿದ್ದಾರೆ.

‘ನಾಲ್ಕು ಸಾವಿರ,’ ಎಂದನು ವ್ಯಾಪಾರಿ. ಸ್ವಲ್ಪ ತಡೆದು, ‘ಹೆಸರಿರುವುದರಿಂದ ಮೂರುವರೆ. ಹೆಸರಿರುವ ಪಾತ್ರೆಯನ್ನು ಯಾರೂ ಮೆಚ್ಚುವುದಿಲ್ಲ. ಬೇಕಾದರೆ ಉಜ್ಜಿಸಿ ಅಳಿಸಿಕೊಡುತ್ತೇನೆ. ಅದಕ್ಕೆ ಬೇರೆ ಹಣ ಬೇಡ’ ಎಂದನು.

ಮೇಷ್ಟರು ಬಿಂದಿಗೆಯನ್ನು ಕೆಳಗಿಟ್ಟು ಪಕ್ಕದ ಮಂಚದ ಅಂಚಿನಲ್ಲಿ ಕುಳಿತುಬಿಟ್ಟರು. ಪತ್ನಿಯು ಗಾಬರಿಗೊಂಡು, ‘ಯಾಕೆ, ಏನಾಯಿತು? ನೀರು ತರಿಸಲೆ?’ ಎಂದರು. ಐವತ್ತು ವರ್ಷ ಹೇಳದೆ ಉಳಿದಿದ್ದ ಮಾತು ಆಗ ಹೊರಬಿದ್ದಿತು.

1974ರಲ್ಲಿ, ಇನ್ನೂ ಮದುವೆಯಾಗಿರದಾಗ, ಅವರು ತಾಯಿಯ ಹಿತ್ತಾಳೆಯ ಬಿಂದಿಗೆಯನ್ನು ಪಾತ್ರೆಯ ಅಂಗಡಿಗೆ ಒಯ್ದು ತೂಕಕ್ಕೆ ಹಾಕಿ, ಬದಲಾಗಿ ಸ್ಟೀಲಿನ ತಟ್ಟೆಗಳನ್ನೂ ಒಂದು ಡಬರಿಯನ್ನೂ ತಂದಿದ್ದರು. ಬೀದಿಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದ ಕಾಲವದು. ಹುಣಿಸೆಹಣ್ಣು ಬೇಡ, ಕಲಾಯಿ ಬೇಡ. ಸ್ಟೀಲು ನಾಗರಿಕತೆಯ ಗುರುತಾಗಿತ್ತು. ತವರಿನವರು ಕೊಟ್ಟ ಬಿಂದಿಗೆಗೆ ತಾಯಿಯು ಬೇಡವೆನ್ನಲಿಲ್ಲ. ಸಂಜೆ ದೀಪ ಹಚ್ಚುವಾಗ ಒಂದು ಮಾತನ್ನು ಮಾತ್ರ ಕೇಳಿದರು: ‘ಹೆಸರು ಅಳಿಸಿಸಿ ಕೊಟ್ಟೆಯೇನಪ್ಪ?’

ಹಾಗೆ ಮಾಡಬೇಕೆಂಬುದು ಮಗನಿಗೆ ತೋಚಿಯೇ ಇರಲಿಲ್ಲ. ‘ಹೂಂ, ಅಮ್ಮ, ಅಳಿಸಿಸಿದೆ’ ಎಂದುಬಿಟ್ಟರು. ಮಾರನೆಯ ದಿನ ಅಂಗಡಿಗೆ ಓಡಿದಾಗ ಹಳೆಯ ಪಾತ್ರೆಗಳೆಲ್ಲ ಗಾಡಿಯೇರಿ ಹೋಗಿದ್ದುವು. ‘ಕರಗಿಸುವಾಗ ಹೆಸರಿಗೆ ಬೇರೆ ತೂಕವಿದೆಯೇ?’ ಎಂದು ಅಂಗಡಿಯವನು ನಕ್ಕನು. ತಾಯಿಯು ಸಾಯುವವರೆಗೂ ಆ ಪ್ರಸ್ತಾಪವನ್ನು ಮತ್ತೆ ಎತ್ತಲಿಲ್ಲ. ನಂಬಿದ್ದರೋ, ನಂಬಿದಂತೆ ನಟಿಸಿದ್ದರೋ ತಿಳಿಯದು. ಬಿಂದಿಗೆಯು ಕರಗಿದ್ದರೆ ಹೆಸರೂ ಕರಗಿತು. ಕರಗದಿದ್ದರೆ ಆ ಹೆಸರು ಯಾವ ಬೀದಿಯಲ್ಲಿ ಯಾರ ಕಾಲ ಬಳಿ ಬಿದ್ದಿದೆಯೋ! ಸಿಕ್ಕುವ ಸಂಭವವು ಶೂನ್ಯಕ್ಕೆ ಸಮೀಪವೆಂಬುದನ್ನು ಗಣಿತದ ಮೇಷ್ಟರಿಗೆ ಬೇರೆಯವರು ಕಲಿಸಬೇಕಾಗಿರಲಿಲ್ಲ. ಆದರೂ ಹುಡುಕಿದರು.

ಪತ್ನಿಯು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಬಿಂದಿಗೆಯನ್ನು ಎತ್ತಿ, ಅಳತೆಯನ್ನು ನೋಡುವವರಂತೆ ಸೊಂಟಕ್ಕೆ ಆನಿಸಿಕೊಂಡರು.

‘ಇಷ್ಟು ವರ್ಷ ನನಗಾದರೂ ಹೇಳಬಾರದಾಗಿತ್ತೆ?’

‘ಹೇಳುವುದಕ್ಕೆ ನಾಚಿಕೆ.’

‘ಈಗ ಇದನ್ನು ಏನು ಮಾಡಬೇಕೆಂದಿದ್ದೀರಿ?’

‘ಅದೇ ತಿಳಿಯದು. ಆ ತಾಯಿಯೂ ಅಳಿಸಿಸಬೇಕೆಂದೇ ಬಯಸಿದ್ದರೋ ಏನೋ. ಅಳಿಸಿದರೆ ಇನ್ನು ಹೆಸರೇ ಉಳಿಯುವುದಿಲ್ಲ. ಅಳಿಸದೆ ಬಿಟ್ಟು ಹೋದರೆ ಇಲ್ಲಿಯೇ ಬಿದ್ದಿರುತ್ತದೆ.’

‘ಅತ್ತೆಯವರು ಕೇಳಿದ್ದು ಹೆಸರು ಬೀದಿ ಪಾಲಾಗಬಾರದೆಂದಲ್ಲವೆ? ಮನೆಗೆ ಬಂದರೆ ಅಳಿಸಬೇಕಾದ್ದೇನಿದೆ?’ ಎಂದು ಆಕೆಯು ಸೆರಗಿನ ಗಂಟಿನಿಂದ ತಮ್ಮದೇ ಹಣವನ್ನು ತೆಗೆದರು. ಮೇಷ್ಟರು ಚೌಕಾಸಿಗೆ ಬಾಯಿ ತೆರೆಯುವುದರೊಳಗೆ ನಾಲ್ಕು ಸಾವಿರವನ್ನೂ ಎಣಿಸಿ ಕೊಟ್ಟುಬಿಟ್ಟರು. ಹೆಸರಿದೆಯೆಂದು ಕಡಿಮೆ ಮಾಡಿದ ಐನೂರನ್ನು ಉಳಿಸಿಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ. ವ್ಯಾಪಾರಿಯು ವಿಸ್ಮಿತನಾಗಿ, ಬಿಂದಿಗೆಯನ್ನು ಹಳೆಯ ಪತ್ರಿಕೆಯಲ್ಲಿ ತಾನೇ ಜೋಪಾನವಾಗಿ ಸುತ್ತಿಕೊಟ್ಟನು.

ಅದು ಈಗ ಮೇಷ್ಟರ ಮನೆಯ ಅಡಿಗೆಮನೆಯಲ್ಲಿದೆ. ನಲ್ಲಿಯಲ್ಲಿ ನೀರು ಬರುವ ಮನೆಗೆ ಅದರಿಂದ ಪ್ರಯೋಜನವಿಲ್ಲ. ಆದರೂ ಹುಣಿಸೆಹಣ್ಣಿನಿಂದ ಬೆಳಗಿ, ನೀರು ತುಂಬಿ ಇಡುತ್ತಾರೆ. ಬಂದವರು, ‘ಎಲ್ಲಿ ಸಿಕ್ಕಿತು? ಎಷ್ಟು ಕೊಟ್ಟಿರಿ?’ ಎಂದು ವಿಚಾರಿಸುತ್ತಾರೆ. ಹೆಸರು ಯಾರದೆಂದು ಯಾರೂ ಕೇಳಿಲ್ಲ. ಆಕೆಯು ಅಕ್ಷರಗಳಿರುವ ಭಾಗವನ್ನು ಯಾವಾಗಲೂ ಗೋಡೆಯ ಕಡೆಗೆ ತಿರುಗಿಸಿಯೇ ಇಡುತ್ತಾರೆ.