ವಡೆ, ಮೆಸ್ಸು ಮತ್ತು 124.80

ಕಾಲೇಜು ದಿನಗಳು ಅಂದ ಕೂಡಲೇ ಎಲ್ಲರೂ ಕ್ಲಾಸು, ಲೆಕ್ಚರರ್ರು, ಕಾರಿಡಾರಿನಲ್ಲಿ ಹಾದುಹೋದ ಹುಡುಗಿಯರ ಬಗ್ಗೆ ಬರೆಯುತ್ತಾರೆ. ನನಗೆ ಮಾತ್ರ ಮೊದಲು ನೆನಪಾಗೋದು ಮೆಸ್ಸು. ಮೂರು ವರ್ಷ ಓದಿದ ಬಿಎಸ್ಸಿಯ ಫಿಸಿಕ್ಸು ತಲೆಯಲ್ಲಿ ಒಂದು ಪುಟದಷ್ಟೂ ಉಳಿದಿಲ್ಲ. ಆದರೆ ಮಂಗಳವಾರ ರಾತ್ರಿ ಯಾವ ಸಾರು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ. ಹುರುಳಿಕಾಳು.

ಮೈಸೂರಿನಲ್ಲಿ, ಕುಕ್ಕರಹಳ್ಳಿ ಕೆರೆಗೆ ನಡೆದು ಹೋಗುವಷ್ಟು ದೂರದಲ್ಲಿತ್ತು ನಮ್ಮ ಹಾಸ್ಟೆಲ್ಲು. 2000ದಿಂದ 2003ರವರೆಗೆ ಅಲ್ಲಿದ್ದೆ. ಮೆಸ್ಸು ಡಿವೈಡಿಂಗ್ ಸಿಸ್ಟಂ. ಹಾಸ್ಟೆಲ್ಲಿನಲ್ಲಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ, ಇಲ್ಲದವರಿಗೆ ಹೇಳ್ತೀನಿ. ತಿಂಗಳಿಡೀ ಆದ ಅಕ್ಕಿ, ರಾಗಿ, ಬೇಳೆ, ತರಕಾರಿ, ಗ್ಯಾಸು, ಅಡುಗೆಯವರ ಸಂಬಳ ಎಲ್ಲ ಕೂಡಿಸಿ, ಎಲ್ಲರೂ ಉಂಡ ಒಟ್ಟು ದಿನಗಳಿಂದ ಭಾಗಿಸೋದು. ಬಂದದ್ದು ಒಂದು ದಿನದ ರೇಟು. ನೀವು ಉಂಡ ದಿನಗಳಿಂದ ಅದನ್ನು ಗುಣಿಸಿದರೆ ನಿಮ್ಮ ಬಿಲ್ಲು. ಮೂರು ದಿನಕ್ಕಿಂತ ಹೆಚ್ಚು ಊರಿಗೆ ಹೋಗೋದಿದ್ದರೆ ಮೊದಲೇ ಬರೆದುಕೊಟ್ಟು 'ಕಟ್' ಹಾಕಿಸಬೇಕು. ಇದನ್ನೆಲ್ಲ ನೋಡಿಕೊಳ್ಳೋಕೆ ತಿಂಗಳಿಗೊಬ್ಬ ಮೆಸ್ ರೆಪ್. ಅವನಿಗೆ ಆ ತಿಂಗಳ ಬಿಲ್ಲು ಮಾಫಿ. ಆದರೂ ರೆಪ್ ಆಗೋಕೆ ಯಾರೂ ಮುಂದೆ ಬರುತ್ತಿರಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಮಾರ್ಕೆಟ್ಟಿಗೆ ಹೋಗಬೇಕು, ಸಾರಿಗೆ ಉಪ್ಪು ಕಡಿಮೆಯಾದರೂ ಬೈಸಿಕೊಳ್ಳಬೇಕು. ಯಾರಿಗೆ ಬೇಕು ಮಾರಾಯ್ರೆ!

ಈಗ ವಡೆಯ ವಿಷಯ. ಮದ್ದೂರು ತಾಲೂಕಿನ ಹುಡುಗ. ಮದ್ದೂರು ಅಂದಮೇಲೆ ಇನ್ನೇನು, ಮೊದಲ ದಿನವೇ 'ವಡೆ' ಅಂತ ಹೆಸರು ಬಿತ್ತು, ಮೂರು ವರ್ಷ ಅದೇ ಉಳಿಯಿತು. ನನ್ನ ರೂಂಮೇಟು. ರೀಡಿಂಗ್ ರೂಮಿನಲ್ಲಿ ಪೇಪರಿಗೆ ನಾವೆಲ್ಲ ಸ್ಪೋರ್ಟ್ಸ್ ಪುಟಕ್ಕಾಗಿ ಜಗಳ ಆಡುತ್ತಿದ್ದರೆ ಇವನು ಒಂದು ಮೂಲೆಯ ಪುಟ್ಟ ಚೌಕ ನೋಡಿ ಪೇಪರು ವಾಪಸ್ ಕೊಟ್ಟುಬಿಡುತ್ತಿದ್ದ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅಷ್ಟೇ ಅವನ ಪೇಪರು.

ನಾನು ಸಾಗರದ ಕಡೆಯವನು. ನಮಗೆ ಮಳೆ ಅಂದರೆ ಅಡಿಕೆಗೆ ಕೊಳೆ ಬರುತ್ತೆ, ಔಷಧಿ ಹೊಡೀಬೇಕು, ಬಟ್ಟೆ ಒಣಗಲ್ಲ. ನಿಲ್ಲಲಿ ಅಂತ ಕಾಯೋದು ಬಿಟ್ಟರೆ ಬರಲಿ ಅಂತ ಕಾದವರಲ್ಲ. ಅಣೆಕಟ್ಟಿನ ಅಡಿಗಳನ್ನು ಸ್ಕೋರಿನಂತೆ ಬಾಯಿಪಾಠ ಮಾಡುವವನನ್ನು ಕಂಡಿದ್ದು ಅದೇ ಮೊದಲು. ಅವನ ಗದ್ದೆ ಇದ್ದದ್ದು ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ. ಕೆಆರ್‌ಎಸ್ ತುಂಬಿದ ವರ್ಷಕ್ಕೇ ಅಲ್ಲಿಗೆ ನೀರು ತಲುಪೋದು ತಡ. ತುಂಬದಿದ್ದರೆ ಕೇಳೋದೇ ಬೇಡ.

13 ಜುಲೈ 2002, ನಾಟ್‌ವೆಸ್ಟ್ ಫೈನಲ್. ನಿಮಗೆಲ್ಲ ನೆನಪಿರುತ್ತೆ. 326 ಹೊಡೆಯಬೇಕು, 146ಕ್ಕೆ 5 ಹೋಗಿ ಸಚಿನ್ ಔಟ್. ಅರ್ಧ ಟಿವಿ ರೂಮು ಬೈದುಕೊಂಡು ಮೆಸ್ಸಿಗೆ ಎದ್ದು ಹೋಯಿತು. ಆಮೇಲೆ ಯುವರಾಜು, ಕೈಫು... ಕೈಯಲ್ಲಿ ಮುದ್ದೆ ಹಿಡಿದುಕೊಂಡೇ ಎಲ್ಲ ವಾಪಸ್ ಓಡಿ ಬಂದರು. ಗಂಗೂಲಿ ಅಂಗಿ ಬಿಚ್ಚಿ ತಿರುಗಿಸಿದಾಗ ನಮ್ಮಲ್ಲೂ ಹತ್ತು ಹದಿನೈದು ಅಂಗಿ ಫ್ಯಾನಿಗೆ ಸಿಕ್ಕಿಕೊಂಡವು. ಆ ಗಲಾಟೆಯ ಮಧ್ಯೆ ವಡೆ ಮಡಿಕೇರಿಯ ಹುಡುಗನೊಬ್ಬನ ಹೆಗಲ ಮೇಲೆ ಕೈ ಹಾಕಿಕೊಂಡು ಕುಣಿಯುತ್ತಲೇ ಕೇಳಿದ, "ನಿಮ್ಮೂರಲ್ ಮಳೆ ಹುಯ್ತಾ ಐತೇನ್ಲಾ?"

ಅದು ತಮಾಷೆಗೆ ಕೇಳಿದ್ದಲ್ಲ. ಕಾವೇರಿಗೆ ನೀರು ಬರೋದು ಕೊಡಗಿನಿಂದ. ಜುಲೈ ಮಧ್ಯ ಆದರೂ ಆ ವರ್ಷ ಮಳೆ ಹಿಡಿದಿರಲಿಲ್ಲ. ಮಡಿಕೇರಿಯವನು ಮನೆಗೆ ಫೋನು ಮಾಡಲು ರಾತ್ರಿ ಎಸ್ಟಿಡಿ ಬೂತಿಗೆ ಹೋಗುತ್ತಿದ್ದ. ರಾತ್ರಿಯಾದಷ್ಟೂ ರೇಟು ಕಮ್ಮಿ, ಹಾಗಾಗಿ ದೊಡ್ಡ ಕ್ಯೂ. ವಡೆಗೆ ಫೋನು ಮಾಡೋಕೆ ಮನೆಯಲ್ಲಿ ಫೋನೇ ಇರಲಿಲ್ಲ. ಆದರೂ ಅವನ ಜೊತೆ ಹೋಗಿ ಗಾಜಿನ ಬಾಗಿಲ ಹೊರಗೆ ನಿಂತಿರುತ್ತಿದ್ದ. ಇವನು ಒಳಗಿಂದಲೇ ಕೈ ಅಲ್ಲಾಡಿಸುತ್ತಿದ್ದ, ಇಲ್ಲ ಅಂತ.

ಸೆಪ್ಟೆಂಬರ್ ಹೊತ್ತಿಗೆ ತಮಿಳುನಾಡಿಗೆ ನೀರು ಬಿಡಿ ಅಂತ ಸುಪ್ರೀಂ ಕೋರ್ಟಿನ ಆದೇಶ ಬಂತು. ಮಂಡ್ಯದ ಕಡೆ ಹೊತ್ತಿಕೊಂಡಿತು. ಕಬಿನಿ ಜಲಾಶಯಕ್ಕೆ ಹಾರಿ ರೈತರೊಬ್ಬರು ಪ್ರಾಣ ಬಿಟ್ಟರು. ಬೆಂಗಳೂರು ರಸ್ತೆ ಇವತ್ತು ಬಂದ್, ನಾಳೆ ಬಂದ್. ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆ ಹೊರಟರು. ಅವರೂ ಮದ್ದೂರು ತಾಲೂಕಿನವರೇ, ಸೋಮನಹಳ್ಳಿ. ವಡೆಯ ಅಪ್ಪ ರಸ್ತೆ ಪಕ್ಕ ನಿಂತು ನೋಡಿಕೊಂಡು ಬಂದರಂತೆ. ಬತ್ತ ಮಾತ್ರ ಹಾಕಲೇ ಇಲ್ಲ.

ತಿಂಗಳ ಹತ್ತನೇ ತಾರೀಖಿಗೆ ಬರುತ್ತಿದ್ದ ಮನಿಯಾರ್ಡರ್ ನಿಂತಿತು. ಬಿಲ್ಲು ಕಟ್ಟದವರ ಪಟ್ಟಿ ನೋಟೀಸ್ ಬೋರ್ಡಿಗೆ ಬೀಳುತ್ತಿತ್ತು. ಎರಡು ತಿಂಗಳು ಹೆಸರು ಬಂದರೆ ಊಟ ಬಂದ್. ಅವನ ಹೆಸರು ಒಂದು ತಿಂಗಳು ಬಂತು. ಆ ದಿನಗಳಲ್ಲಿ ವಡೆಗೆ ಪದೇ ಪದೇ 'ಹೊಟ್ಟೆ ಸರಿ ಇರುತ್ತಿರಲಿಲ್ಲ'. ಸಾಲ ಕೊಟ್ಟರೆ ತಗೊಳ್ಳುವ ಜಾತಿಯಲ್ಲ ಅವನು. ಹಾಗಾಗಿ ನವೆಂಬರಿನ ಮೆಸ್ ಮೀಟಿಂಗಿನಲ್ಲಿ ಯಾರೋ ಸೀನಿಯರ್ ಅವನ ಹೆಸರು ಕೂಗಿದ. ನೂರ ನಲವತ್ತು ಕೈ ಮೇಲೆದ್ದವು. ಡಿಸೆಂಬರಿನಲ್ಲೂ ಅವನೇ. ಜನವರಿಯಲ್ಲೂ ಅವನೇ. ಒಬ್ಬನೇ ಎರಡು ಸಲ ರೆಪ್ ಆಗೋ ಹಾಗಿಲ್ಲ ಅಂತ ನಿಯಮವಿತ್ತು. ವಾರ್ಡನ್ನು ಆ ಮೂರು ತಿಂಗಳು ನಿಯಮದ ಪುಸ್ತಕ ಎಲ್ಲೋ ಕಳೆದುಹೋಗಿದೆ ಅಂದರು :-)

ಒಂದೆರಡು ಸಲ ನಾನೂ ಅವನ ಜೊತೆ ಮಾರ್ಕೆಟ್ಟಿಗೆ ಹೋಗಿದ್ದೆ. ಚಳಿಗಾಲ, ಇನ್ನೂ ಕತ್ತಲು, ದೇವರಾಜ ಮಾರುಕಟ್ಟೆಯ ಹತ್ತಿರ ಹೂವಿನ ವಾಸನೆ ಮಾತ್ರ ಎದ್ದಿರುವ ಹೊತ್ತು. ಸಂತೇಪೇಟೆಯ ಮಂಡಿಯಲ್ಲಿ ಬೇಳೆಗೆ ಚೌಕಾಸಿ ಮಾಡಿದರೆ ಅಂಗಡಿಯವನು ಕೈ ಮುಗಿಯಬೇಕು, ಹಾಗೆ ಮಾಡುತ್ತಿದ್ದ. ಆದರೆ ನಂಜನಗೂಡು, ನರಸೀಪುರದ ಕಡೆಯಿಂದ ಟೆಂಪೋದಲ್ಲಿ ಬದನೆಕಾಯಿ, ಮೂಲಂಗಿ ತಂದ ರೈತರು ಹೇಳಿದ ರೇಟಿಗೆ ಒಂದು ಪೈಸೆ ಕಡಿಮೆ ಕೇಳುತ್ತಿರಲಿಲ್ಲ. ನಾನು ಕೇಳಹೋದರೆ ಕಾಲು ತುಳಿಯುತ್ತಿದ್ದ. ಆದರೂ ನಮ್ಮ ದಿನದ ರೇಟು ಇಪ್ಪತ್ತೇಳರಿಂದ ಇಪ್ಪತ್ಮೂರಕ್ಕೆ ಇಳಿಯಿತು. ದಲ್ಲಾಳಿ ಕೈಗೆ ಹೋಗೋ ಮೊದಲೇ ಕೊಳ್ಳುತ್ತಿದ್ದ, ಬದನೆಕಾಯಿಯ ತೊಟ್ಟು ನೋಡಿಯೇ ಯಾವತ್ತು ಕಿತ್ತಿದ್ದು ಅಂತ ಹೇಳುತ್ತಿದ್ದ, ಹಾಗಾಗಿ ಕೊಳೆತು ಎಸೆಯೋದು ಇರಲಿಲ್ಲ.

ನಾನು ಸುಮ್ಮನೆ ಒಂದು ದಿನ ಲೆಕ್ಕ ಹಾಕಿದೆ. ನೂರ ನಲವತ್ತು ಜನ, ದಿನಕ್ಕೆ ನಾಲ್ಕು ರೂಪಾಯಿ, ಮೂವತ್ತು ದಿನ. ಹದಿನಾರು ಸಾವಿರದ ಎಂಟುನೂರು ಉಳಿಯಿತು. ಅವನಿಗೆ ಮಾಫಿ ಮಾಡಿದ್ದು ಆರುನೂರ ತೊಂಬತ್ತು. ಯಾರು ಯಾರ ಅನ್ನ ಉಂಡರು ಅಂತ ನೀವೇ ಹೇಳಿ.

ಇನ್ನೊಂದು ಮಾಡಿದ. ಮೊದಲೆಲ್ಲ ಲೆಕ್ಕ ಹಾಕುತ್ತಿದ್ದದ್ದು ತಿಂಗಳ ಕೊನೆಗೆ. ಇವನು ಪ್ರತಿದಿನ ರಾತ್ರಿ ನೋಟೀಸ್ ಬೋರ್ಡಿಗೆ ಚೀಟಿ ಅಂಟಿಸತೊಡಗಿದ. ಕೊತ್ತಂಬರಿ ಕಟ್ಟು ಎಷ್ಟಕ್ಕೆ ಅನ್ನುವವರೆಗೆ. ಯಾರೂ ಓದುತ್ತಿರಲಿಲ್ಲ. ಇಷ್ಟೆಲ್ಲ ಯಾಕೋ ಅಂದೆ ಒಂದು ರಾತ್ರಿ. ಲೈಟು ಆರಿಸಿ ಮಲಗಿದ ಮೇಲೆ ಉತ್ತರ ಬಂತು. "ಅಷ್ಟೊಂದು ಕೈ ಯಾಕ್ ಎದ್ವು ಅಂತ ನಂಗ್ ಗೊತ್ತಿಲ್ವೇನ್ಲಾ? ಗೊತ್ತಿರೋದ್ಕೇ ಅಂಟಿಸ್ತಾ ಇರೋದು." ನಾನು ನಿದ್ದೆ ಬಂದವನ ಹಾಗೆ ಸುಮ್ಮನಾದೆ. ಆಮೇಲೆ ಆ ಚೀಟಿಗಳನ್ನು ದಿನಾ ಓದುತ್ತಿದ್ದೆ.

ಫೆಬ್ರವರಿಯಲ್ಲಿ ಒಂದು ಮನಿಯಾರ್ಡರ್ ಬಂತು. ಹಳೇ ಬಾಕಿ ಕಟ್ಟಿ, ಈ ಸಲ ಬೇರೆಯವರು ಮಾಡ್ಲಿ ಅಂದ. ದುಡ್ಡು ಎಲ್ಲಿಂದ ಬಂತು ಅಂತ ಹೇಳಲಿಲ್ಲ. ಅವರ ಮನೆಯಲ್ಲಿ ಎರಡು ಎತ್ತಿದ್ದವು, ಪರೀಕ್ಷೆ ಮುಗಿದ ಮೇಲೆ ನಾನು ಅಲ್ಲಿಗೆ ಹೋದಾಗ ಕೊಟ್ಟಿಗೆ ಖಾಲಿ ಇತ್ತು. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಅಪ್ಪನ ಜೊತೆ ಗದ್ದೆಗೇ ಇಳಿದ. ಆ ವರ್ಷವೂ, ಅಂದರೆ 2003ರಲ್ಲೂ, ಮಳೆ ಕೈಕೊಟ್ಟಿತು.

2005ರ ಮಳೆಗಾಲದಲ್ಲಿ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಒಂದು ಬೆಳಗ್ಗೆ ಬಸ್ಸಿನಲ್ಲಿ ನಿಂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಎಸ್ಸೆಮ್ಮೆಸ್ಸು ಬಂತು. ಹೆಸರಿಲ್ಲ, ಹಲೋ ಇಲ್ಲ. ಬರೀ 124.80 ಅಂತಿತ್ತು. ಮಡಿಕೇರಿಯವನಿಗೂ ಅದೇ ಹೋಗಿತ್ತಂತೆ, ಅವನಿಗೆ ಮಾತ್ರ ಕೊನೆಯಲ್ಲಿ 'ಥ್ಯಾಂಕ್ಸ್ ಕಣ್ಲಾ' ಅಂತ ಬೇರೆ ಸೇರಿಸಿದ್ದ.