ಬೇಡವಾದ ಮರಕ್ಕೆ ಎರಡನೆಯ ಬಾಳು

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ಹೋದವರು ಅಲ್ಲಿನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿರುವ ಬೋನ್ಸಾಯ್ ಸಂಗ್ರಹಾಲಯವನ್ನು ತಪ್ಪದೆ ನೋಡಬೇಕು. ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದ 1976ರಲ್ಲಿ ಜಪಾನೀಯರು ಕಾಣಿಕೆಯಾಗಿ ನೀಡಿದ 53 ಕುಬ್ಜವೃಕ್ಷಗಳಿಂದ ಇದು ಆರಂಭವಾಯಿತು. ಅವುಗಳಲ್ಲಿ ಒಂದಾದ ಬಿಳಿ ಪೈನ್ ಮರವನ್ನು 1625ರಿಂದಲೂ ಬೋನ್ಸಾಯ್ ಆಗಿ ಪೋಷಿಸಿಕೊಂಡು ಬರಲಾಗಿದೆ. 1945ರಲ್ಲಿ ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗಲೂ ಆ ಊರಿನಲ್ಲಿದ್ದ ಅದು ಬದುಕಿ ಉಳಿಯಿತು.

ವಯಸ್ಸಾದ ಇಂಥ ಮರ ಸಾಮಾನ್ಯ ಗೃಹಸ್ಥರಿಗೆ ದೊರೆಯುವುದೆಲ್ಲಿ? ಬೀಜ ಬಿತ್ತಿ ತೋಳಿನ ಗಾತ್ರದ ಕಾಂಡವನ್ನು ಕಾಣಲು ದಶಕಗಳೇ ಬೇಕು. ಅಲ್ಲಿನ ಹವ್ಯಾಸಿಗಳು ಇದಕ್ಕೊಂದು ದಾರಿಯನ್ನು ನೆರೆಯ ಬೀದಿಯಲ್ಲಿಯೇ ಕಂಡುಕೊಂಡಿದ್ದಾರೆ. ಅಮೆರಿಕದ ಪೂರ್ವ ಭಾಗದ ಹಳೆಯ ಬಡಾವಣೆಗಳಲ್ಲಿ ಮನೆಯ ಮುಂದೆ, ಕಿಟಕಿಗಳ ಕೆಳಗೆ, ‘ಯೂ’ ಎಂಬ ನಿತ್ಯಹಸಿರು ಗಿಡವನ್ನು ಬೇಲಿಯಂತೆ ಬೆಳೆಸುವ ರೂಢಿಯಿತ್ತು. ವರ್ಷಗಳು ಉರುಳಿದಂತೆ ಅದು ಕಿಟಕಿಯನ್ನೇ ಮುಚ್ಚುತ್ತದೆ. ಮನೆ ಕೈ ಬದಲಾದಾಗ ಹೊಸ ಒಡೆಯರು ಅದನ್ನು ಬುಡಸಮೇತ ಕೀಳಿಸುವುದುಂಟು. ವರ್ಷವರ್ಷವೂ ಕತ್ತರಿಗೆ ಸಿಕ್ಕಿದ ಆ ಗಿಡದ ಎತ್ತರ ಕಡಿಮೆ, ಬುಡ ಮಾತ್ರ ದಪ್ಪ. ಬೋನ್ಸಾಯ್‌ಗೆ ಬೇಕಾದುದೂ ಅದೇ. ಕಸಕ್ಕೆ ಹೋಗಬೇಕಾಗಿದ್ದ ಆ ಬುಡವನ್ನು ಹವ್ಯಾಸಿಗಳು ಮನೆಯವರ ಅನುಮತಿ ಪಡೆದು ಅಗೆದು ತರುತ್ತಾರೆ.

ಚಳಿಗಾಲ ಮುಗಿದು ಚಿಗುರೊಡೆಯುವ ಮುನ್ನ ಈ ಕೆಲಸ ನಡೆಯಬೇಕು. ಬುಡದ ಹತ್ತಿರದ ಎಳೆಬೇರುಗಳನ್ನು ಉಳಿಸಿಕೊಂಡು, ಕಲ್ಲುಹರಳು ಬೆರೆತ, ನೀರು ನಿಲ್ಲದ ಮಣ್ಣು ತುಂಬಿದ ಪೆಟ್ಟಿಗೆಯಲ್ಲಿ ನೆಟ್ಟು, ಅಲುಗಾಡದಂತೆ ಕಟ್ಟಿ, ಬಿರುಗಾಳಿ ಹಾಗೂ ಕಡುಬಿಸಿಲು ತಾಗದ ಎಡೆಯಲ್ಲಿ ಇಡುತ್ತಾರೆ. ಪೈನ್ ಮರದ ಎಲೆಯಿಲ್ಲದ ಹಳೆಯ ಕೊಂಬೆ ಸಾಮಾನ್ಯವಾಗಿ ಮತ್ತೆ ಚಿಗುರದು. ಯೂ ಹಾಗಲ್ಲ, ಹಳೆಯ ಕಾಂಡದ ತೊಗಟೆಯಿಂದಲೂ ಅದು ಹಸಿರು ಮೊಳಕೆಗಳನ್ನು ಹೊಮ್ಮಿಸುತ್ತದೆ. ಆದರೆ ಇದರ ಎಲೆ ಮತ್ತು ಬೀಜಗಳು ವಿಷಯುಕ್ತವಾದುದರಿಂದ ಮಕ್ಕಳಿರುವ ಮನೆಯಲ್ಲಿ ಎಚ್ಚರ ಅಗತ್ಯ.

ಅಗೆತದ ಪೆಟ್ಟನ್ನು ತಾಳಿಕೊಂಡ ಮರವೂ ಸಾಕುವವರ ಆತುರವನ್ನು ತಾಳಲಾರದು. ಮೊದಲ ಒಂದೆರಡು ವರ್ಷ ಕೊಂಬೆಯನ್ನು ಬಾಗಿಸುವುದಾಗಲಿ, ಬೇರನ್ನು ಮತ್ತೆ ಕತ್ತರಿಸುವುದಾಗಲಿ ಸಲ್ಲದು. ಹೊಸ ಎಲೆಗಳು ಆಹಾರವನ್ನು ತಯಾರಿಸಿ, ಹೊಸ ಬೇರುಗಳು ಪೆಟ್ಟಿಗೆಯನ್ನು ತುಂಬುವವರೆಗೆ ನೀರೆರೆದು ಕಾಯುವುದೇ ಸೇವೆ. ಮರದ ಕಾಂಡವನ್ನು ಐವತ್ತು ವರ್ಷಗಳ ಕಾಲ ಬೆಳೆಸಿದವರು ಬೇರೆ ಯಾರೋ. ಅದನ್ನು ಮನೆಗೆ ತಂದವರು ಅದಕ್ಕೆ ಎರಡು ವರ್ಷಗಳ ವಿಶ್ರಾಂತಿಯನ್ನಾದರೂ ಕೊಡಬೇಡವೇ?