ಕರೆಸಿಕೊಳ್ಳುವ ಹೊಣೆ

ಈ ಬರಹದಲ್ಲಿ ‘ನಾವು’ ಎಂದರೆ ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿರುವ ಮುದುಕ ಮುದುಕಿ ಇಬ್ಬರೂ. ಬರೆಯುವ ಕೈ ಒಬ್ಬರದಾದರೆ ತಿದ್ದುವ ಬಾಯಿ ಇನ್ನೊಬ್ಬರದು. ಆದ್ದರಿಂದ ಒಪ್ಪುತಪ್ಪುಗಳಿಗೆ ಇಬ್ಬರೂ ಬಾಧ್ಯರು.

ನ್ಯೂ ಜೆರ್ಸಿಯಲ್ಲಿರುವ ನಮ್ಮ ಮಗ ಅಮೆರಿಕದ ಪೌರನಾಗಿ ಕೆಲವು ವರ್ಷಗಳಾದವು. ಎರಡು ವರ್ಷಗಳ ಹಿಂದೆ ದೀಪಾವಳಿಯ ದಿನ ಫೋನು ಮಾಡಿ, “ಅಪ್ಪ, ಅಮ್ಮ, ಇನ್ನು ನೀವಿಬ್ಬರೇ ಅಲ್ಲಿರುವುದು ಬೇಡ. ಇಲ್ಲಿಗೇ ಬಂದುಬಿಡಿ, ನಾನು ಅರ್ಜಿ ಹಾಕುತ್ತೇನೆ” ಎಂದ. ಹಬ್ಬದ ದಿನ ಮಗನ ಮಾತಿಗೆ ಬೇಡ ಎನ್ನುವುದುಂಟೆ? “ಆಗಲಿ” ಎಂದೆವು.

ಊರಿನವರನ್ನು ಕರೆಸಿಕೊಳ್ಳುವುದೆಂದರೆ ಮುಂಬಯಿಯ ಕನ್ನಡಿಗರಿಗೆ ಹೊಸ ವಿದ್ಯೆಯೇನಲ್ಲ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್ ಮೊದಲಾಗಿ ಈ ನಗರದಲ್ಲಿ ನಮ್ಮವರು ಕಟ್ಟಿದ ಸಂಘಗಳಲ್ಲೆಲ್ಲ, ಯಾರೋ ಕರೆದು ಬಂದವರೂ ಬಂದಮೇಲೆ ಇನ್ನಾರನ್ನೋ ಕರೆಸಿಕೊಂಡವರೂ ತುಂಬಿದ್ದಾರೆ. ನಮ್ಮಲ್ಲಿ ಗಂಡಸಾದವರು ಕುಂದಾಪುರದ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದದ್ದು 1965ರಲ್ಲಿ, ಹದಿನೇಳನೆಯ ವಯಸ್ಸಿಗೆ. ಕರೆಸಿಕೊಂಡವರು ಅಕ್ಕನ ಗಂಡ, ಭಾವ. “ಹುಡುಗನನ್ನು ಕಳಿಸಿ, ಹೊಟೇಲಿನಲ್ಲಿ ಜಾಗ ಉಂಟು” ಎಂಬ ಒಂದು ಕಾರ್ಡು, ಅಷ್ಟೇ ಅರ್ಜಿ. ದಾರಿಖರ್ಚಿಗೆ ಅಕ್ಕ ಗೇರುಬೀಜ ಹೆಕ್ಕಿ ಮಾರಿದ ದುಡ್ಡಿತ್ತು. ಹಗಲು ಕೋಟೆಯ ಹೊಟೇಲಿನಲ್ಲಿ ಕಪ್ಪುಬಸಿ ತೊಳೆಯುವುದು, ಇರುಳು ಕನ್ನಡ ರಾತ್ರಿಶಾಲೆ.

ಮುಂದೆ ನಮಗೆ ಮದುವೆಯಾಗಿ ಘಾಟ್‌ಕೋಪರಿನ ಚಾಳಿನಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಖೋಲಿ ಸಿಕ್ಕಿತು. ಇಬ್ಬರು ತಮ್ಮಂದಿರನ್ನೂ ಒಬ್ಬ ಸೋದರಳಿಯನನ್ನೂ ನಾವು ಅಲ್ಲಿಗೆ ಕರೆಸಿಕೊಂಡೆವು. ರಾತ್ರಿ ಕಾಲು ಚಾಚಬೇಕಾದರೆ ಬಾಗಿಲು ತೆರೆಯಬೇಕಾಗುತ್ತಿತ್ತು. ರೇಶನ್ ಕಾರ್ಡಿನಲ್ಲಿ ಹೆಸರು ಸೇರಿದ ದಿನ ಹುಡುಗ ಮುಂಬಯಿಯವನಾದ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ಹೊಟೇಲುಗಳ ಮುಂದೆ ಕೂಗಾಟವಾದದ್ದುಂಟು. ಆದರೂ ಭಾರತದ ಯಾವ ಮೂಲೆಯಲ್ಲಾದರೂ ನೆಲಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆಯಷ್ಟೆ. ನಮ್ಮವರನ್ನು ಕರೆಸಲು ಯಾರ ಮುದ್ರೆಯೂ ಬೇಕಾಗಲಿಲ್ಲ.

ಅದೇ 1965ರಲ್ಲಿ ಅಮೆರಿಕದ ವಲಸೆ ಕಾನೂನೂ ಬದಲಾಯಿತೆಂದು ಮಗ ಹೇಳಿದ. ಅದಕ್ಕೆ ಹಿಂದೆ, 1946ರ ಕಾಯಿದೆಯಂತೆ, ಭಾರತೀಯರಿಗಿದ್ದ ಪಾಲು ವರ್ಷಕ್ಕೆ ಕೇವಲ 100. ಹೊಸ ಕಾನೂನು ಕುಟುಂಬದವರಿಗೆ ಬಾಗಿಲು ತೆರೆಯಿತು. 21 ವರ್ಷ ತುಂಬಿದ ಪೌರನು ತಂದೆತಾಯಿಗಳಿಗೆ ಅರ್ಜಿ ಹಾಕಬಹುದು. ತಂದೆಗೊಂದು, ತಾಯಿಗೊಂದು, ಬೇರೆ ಬೇರೆ. ಐವತ್ತು ವರ್ಷ ಒಂದೇ ಒಲೆಯ ಅನ್ನ ಉಂಡವರನ್ನು ಕಾಗದ ಹೀಗೆ ಬೇರ್ಪಡಿಸಿತು! ತಂದೆತಾಯಿಗಳಿಗೆ ವಾರ್ಷಿಕ ಮಿತಿಯಿಲ್ಲ. ಒಡಹುಟ್ಟಿದವರಿಗಾದರೋ ಭಾರತದಿಂದ ಹದಿನೈದು ವರ್ಷಕ್ಕೂ ಮಿಕ್ಕಿ ಕಾಯಬೇಕು.

ಕರೆಸಿಕೊಳ್ಳುವವನು ಪೋಷಣೆಯ ಹೊಣೆಪತ್ರವನ್ನೂ ಬರೆದುಕೊಡಬೇಕು. ಸರಕಾರ ಗೊತ್ತುಮಾಡಿದ ಬಡತನದ ರೇಖೆಯ ನೂರಕ್ಕೆ 125ರಷ್ಟಾದರೂ ಅವನಿಗೆ ಆದಾಯವಿರಬೇಕು. ಬಂದವರು ಅಲ್ಲಿನ ಪೌರರಾಗುವ ತನಕ, ಇಲ್ಲವೆ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರುವ ತನಕ ಆ ಹೊಣೆ ಇಳಿಯದು. ಈ ವಯಸ್ಸಿನಲ್ಲಿ ನಾವೆಲ್ಲಿ ದುಡಿಯೋಣ? ವೃದ್ಧರ ಸರಕಾರಿ ವೈದ್ಯವಿಮೆಯನ್ನು ಹಣ ಕಟ್ಟಿ ಪಡೆಯಬೇಕೆಂದರೂ ಮೊದಲು ಐದು ವರ್ಷ ಅಲ್ಲಿ ವಾಸವಾಗಿರಬೇಕು. ಗ್ರೀನ್ ಕಾರ್ಡು ಪಡೆದವರು ಆರು ತಿಂಗಳಿಗೆ ಮೇಲ್ಪಟ್ಟು ಹೊರಗಿದ್ದರೆ ಪ್ರಶ್ನೆಗಳೇಳುತ್ತವೆ. ಮುಂಚಿತವಾಗಿ ಅನುಮತಿಪತ್ರ ಪಡೆಯದೆ ವರ್ಷ ಮೀರಿದರೆ ನೆಲೆಯನ್ನೇ ಬಿಟ್ಟರೆಂದು ತಿಳಿಯುತ್ತಾರೆ. ಅದು ಬಂದುಹೋಗುವ ನೆಂಟರಿಗೆ ಕೊಡುವ ಕಾರ್ಡಲ್ಲ.

ಮುಂದೆ ದಾಖಲೆಗಳ ಸರದಿ ಬಂತು. ನಮ್ಮಲ್ಲಿ ಹೆಂಗಸಾದವರ ಜನನಪತ್ರ ಪುರಸಭೆಯಲ್ಲಿ ಹೇಗೋ ಸಿಕ್ಕಿತು. ಗಂಡಸಾದವರು ಹುಟ್ಟಿದ್ದು 1948ರಲ್ಲಿ, ಮನೆಯ ಒಳಕೋಣೆಯಲ್ಲಿ. ಜನನ ಮರಣ ನೋಂದಣಿಯ ಈಗಿನ ಕಾಯಿದೆ ಜಾರಿಗೆ ಬಂದದ್ದೇ 1970ರಲ್ಲಿ. ದಾಖಲೆ ಇಲ್ಲವೆಂಬುದಕ್ಕೂ ಒಂದು ದಾಖಲೆ ಬೇಕು. ಅದರ ಜೊತೆಗೆ, ಹುಟ್ಟನ್ನು ಬಲ್ಲ ಹಿರಿಯ ಬಂಧುಗಳ ಪ್ರಮಾಣಪತ್ರ ಬೇಕು. ಎಪ್ಪತ್ತೇಳರ ಮುದುಕನಿಗಿಂತ ಹಿರಿಯರನ್ನು ಎಲ್ಲಿ ಹುಡುಕುವುದು? ಉಳಿದಿದ್ದವಳು ಅಕ್ಕ ಒಬ್ಬಳೇ, ಎಂಬತ್ತೇಳರವಳು. ಭಾವ ತೀರಿಕೊಂಡಿದ್ದಾರೆ. ಮಗಳು ಕೊಟ್ಟ ಮನೆಯಲ್ಲಿದ್ದಾಳೆ. ಊರಿನ ಮನೆಯಲ್ಲಿ ಆಕೆ ಒಂಟಿ.

ಊರಿಗೆ ಹೋಗಿ ಸಂಗತಿ ಹೇಳಿದೆವು. ಅಕ್ಕ ನಕ್ಕಳು. “ನೀ ಹುಟ್ಟದ್ ನಂಗ್ ಗೊತ್ತಿಲ್ಯಾ? ಆಸಾಡಿ ಮಳಿ, ಅಂಗಳ್ದಗೆ ನೀರ್ ನಿಂತಿತ್” ಎಂದಳು. ಕುಂದಾಪುರದಲ್ಲಿ ನೋಟರಿಯ ಎದುರು ನಡುಗುವ ಕೈಯಿಂದ ರುಜು ಹಾಕಿದಳು. ಹೊರಗೆ ಬಂದಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಹಂಗಾರೆ ಇನ್ ಬಪ್ಪುದಿಲ್ಯಾ?”

ನಾವು ಹೋಗಲೆಂದು ಕಾಗದ ಬರೆದುಕೊಟ್ಟವಳು, ನಾವು ಹೋದರೆ ಯಾರೂ ಇಲ್ಲದವಳಾಗುವಳು. ಮುಂದೆಂದಾದರೂ ನಾವು ಅಲ್ಲಿನ ಪೌರರಾಗಿ ಆಕೆಗಾಗಿ ಅರ್ಜಿ ಹಾಕಿದರೂ ಸರದಿ ಬರುವಾಗ ಆಕೆಗೆ ನೂರು ದಾಟಿರುತ್ತದೆ!

ಅಂದು ರಾತ್ರಿಯೇ ನಾವು, “ಅಕ್ಕ, ನೀನು ನಮ್ಮೊಡನೆ ಡೊಂಬಿವಲಿಗೆ ಬಂದುಬಿಡು” ಎಂದೆವು. ಆಕೆ, “ನಾ ಬತ್ತಿಲ್ಲೆ. ತುಳಸಿಗೆ ದೀಪ ಇಡೂಕೆ ಯಾರಿದ್ರ್?” ಎಂದಳು. ನಮಗೆ ಕೊಂಚ ಸಿಟ್ಟೇ ಬಂತು. ಇಷ್ಟು ಪ್ರೀತಿಯಿಂದ ಕರೆದರೆ ತುಳಸಿಯ ನೆವ ಹೇಳುವುದೆ? ಮರುದಿನ ಮತ್ಸ್ಯಗಂಧ ರೈಲಿನಲ್ಲಿ ಕುಳಿತಾಗ ಆ ಸಿಟ್ಟು ನಾಚಿಕೆಯಾಯಿತು. ಸಂಘದ ಕಾರ್ಯಕ್ರಮ, ಮನೆಯ ಬೀಗ, ಮೊಣಕಾಲು ನೋವು ಎಂದು ಎರಡು ವರ್ಷದಿಂದ ನಾವೂ ಮಗನಿಗೆ ಹೇಳುತ್ತ ಬಂದದ್ದು ಇಂಥ ತುಳಸಿಯ ಮಾತುಗಳೇ. ಕರೆಯುವವನ ಸಂಕಟವನ್ನು ಅಕ್ಕ ನಮಗೆ ಒಂದೇ ರಾತ್ರಿಯಲ್ಲಿ ಕಲಿಸಿದಳು.

ಮನೆಗೆ ಬಂದು ಮಗನಿಗೆ ಹೇಳಿದೆವು: “ನೀನು ಹೊರಲು ಮುಂದಾದ ಹೊಣೆ ಸಣ್ಣದಲ್ಲ. ಅದಕ್ಕೆ ತಲೆಬಾಗುತ್ತೇವೆ. ಆದರೆ ನಮ್ಮ ಮೇಲೂ ಒಂದು ಹೊಣೆ ಉಂಟು, ಅದಕ್ಕೆ ಕಾಗದವಿಲ್ಲ. ಅತ್ತೆ ಇರುವ ತನಕ ನಾವು ನೆಲೆ ಬದಲಿಸುವುದಿಲ್ಲ. ವರ್ಷಕ್ಕೊಮ್ಮೆಯಾದರೂ ವಿಚಾರಿಸುತ್ತ ಕಡತವನ್ನು ಜೀವಂತವಾಗಿಡು.” ಅವನು ಬಹಳ ಹೊತ್ತು ಸುಮ್ಮನಿದ್ದು “ಆಗಲಿ” ಎಂದ. ಆ ಮಾತು ಅವನಿಗೆಷ್ಟು ಭಾರವಾಯಿತೆಂದು ನಾವು ಬಲ್ಲೆವು.

ಮಕ್ಕಳು ಹೊರನಾಡಿನಲ್ಲಿರುವ ಓದುಗ ಬಂಧುಗಳಿಗೆ ನಮ್ಮದೊಂದು ವಿನಂತಿ. ಊರಿನ ಹಿರಿಯರು ಇರುವಾಗಲೇ ಹುಟ್ಟಿನ ಕಾಗದಗಳನ್ನು ಮಾಡಿಸಿಕೊಳ್ಳಿ. ಹಾಗೆಯೇ, ಅರ್ಜಿ ಹಾಕುವ ಮುನ್ನ ಯಾರು ಬರುವರೆಂಬುದರೊಡನೆ ಯಾರು ಉಳಿಯುವರೆಂಬುದನ್ನೂ ಮನೆಯವರೆಲ್ಲ ಕುಳಿತು ಮಾತಾಡಿ.

ತುಳಸಿಯ ದೀಪವನ್ನು ನೆರೆಮನೆಯ ಹುಡುಗಿಗೆ ಒಪ್ಪಿಸಿ ಎರಡು ತಿಂಗಳ ಮಟ್ಟಿಗೆ ಬರಲು ಅಕ್ಕ ಈಗ ಒಪ್ಪಿದ್ದಾಳೆ. ಬೇಸರವಾದ ದಿನವೇ ಹಿಂದಕ್ಕೆ ಮುಟ್ಟಿಸುತ್ತೇವೆಂದು ನಾವು ಮಾತು ಕೊಟ್ಟಿದ್ದೇವೆ. ಅದಕ್ಕೆ ಆಕೆ ನೋಟರಿಯ ಮುದ್ರೆ ಕೇಳಲಿಲ್ಲ.